ಪ್ರಿಂಟರ್ ಚಾಲೂ ಆಗದಿದ್ದಾಗ: ವರ್ತಕರು ಅನುಸರಿಸಬೇಕಾದ ಕ್ರಮ

ಸರಕು ತುಂಬಿದ ವಾಹನವು ಅಂಗಳದಲ್ಲಿ ಹೊರಡಲು ಸಿದ್ಧವಾಗಿ ನಿಂತಿದೆ. ಕಂಪ್ಯೂಟರಿನಲ್ಲಿ ಬಿಲ್ ತಯಾರಾಗಿದೆ. ಆದರೆ ಪ್ರಿಂಟರಿನ ಗುಂಡಿ ಒತ್ತಿದರೆ ದೀಪವೂ ಹತ್ತುವುದಿಲ್ಲ, ಸದ್ದೂ ಬರುವುದಿಲ್ಲ. ಕೆಲವೇ ಸಾವಿರ ರೂಪಾಯಿ ಬೆಲೆಯ ಯಂತ್ರವೊಂದು ಲಕ್ಷಾಂತರ ರೂಪಾಯಿಯ ಸರಕನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವ ಇಂತಹ ಪ್ರಸಂಗ ಸಣ್ಣ ವರ್ತಕರಿಗೂ ಕಿರು ಕೈಗಾರಿಕೋದ್ಯಮಿಗಳಿಗೂ ಅಪರಿಚಿತವಲ್ಲ.

ತ.ಸು. ವೆಂಕಣ್ಣಯ್ಯ ಮತ್ತು ತ.ರಾ.ಸು. ಅವರ ಮೂಲಕ ಕನ್ನಡ ಸಾಹಿತ್ಯದಲ್ಲಿ ಹೆಸರಾದ ತಳಕು, ವ್ಯಾಪಾರದ ದೃಷ್ಟಿಯಿಂದ ಚಳ್ಳಕೆರೆ ಮತ್ತು ಬಳ್ಳಾರಿಗಳ ನಡುವಿನ ಹೆದ್ದಾರಿಯ ಊರು. ಒಂದು ಕಡೆ ಚಳ್ಳಕೆರೆಯ ಶೇಂಗಾ, ಎಣ್ಣೆ ಗಿರಣಿ ಹಾಗೂ ಕಂಬಳಿ ವ್ಯಾಪಾರ. ಇನ್ನೊಂದು ಕಡೆ ಮೊಳಕಾಲ್ಮೂರಿನ ರೇಷ್ಮೆ ಸೀರೆ. ಈ ಭಾಗದ ಅನೇಕ ಸಣ್ಣ ವ್ಯವಹಾರಗಳು ನಡೆಯುವುದು ಮನೆಯ ಮುಂಭಾಗದ ಕೋಣೆಯಲ್ಲಿ, ಮನೆಬಳಕೆಗೆಂದು ಕೊಂಡ ಪ್ರಿಂಟರಿನಿಂದ. ಮಗುವಿನ ಶಾಲೆಯ ಪ್ರಾಜೆಕ್ಟು, ಜಮೀನಿನ ಪಹಣಿ, ಸರಕಿನ ಬಿಲ್ಲು ಎಲ್ಲವೂ ಒಂದೇ ಯಂತ್ರದಿಂದ ಹೊರಬರಬೇಕು. ಅದು ಕೆಟ್ಟಿತೆಂದು ಹೊತ್ತುಕೊಂಡು ಚಳ್ಳಕೆರೆಗೋ ಬಳ್ಳಾರಿಗೋ ಹೋಗಿ ಬರುವುದೆಂದರೆ ಒಂದು ದಿನದ ವ್ಯಾಪಾರ ಬಿಟ್ಟಂತೆ. ಅಲ್ಲಿಗೆ ಹೋದ ಮೇಲೆ ಯಂತ್ರ ಸರಿಯಾಗಿಯೇ ಇದೆ, ದೋಷವಿರುವುದು ಅಂಗಡಿಯ ಪ್ಲಗ್ಗಿನಲ್ಲಿ ಎಂದು ತಿಳಿದರೆ ನಷ್ಟದ ಜೊತೆಗೆ ಬೇಸರವೂ ಸೇರುತ್ತದೆ. ಆದುದರಿಂದ ಯಂತ್ರವನ್ನು ಹೊರುವ ಮೊದಲು ಹತ್ತು ನಿಮಿಷಗಳ ಕ್ರಮಬದ್ಧ ಪರೀಕ್ಷೆ ನಡೆಸುವುದು ಅಗತ್ಯ.

ಬಿಲ್ಲಿಲ್ಲದೆ ಸರಕು ಹೊರಡುವಂತಿಲ್ಲ

ಸರಕು ಸಾಗಣೆಯಿರುವ ಮಾರಾಟದಲ್ಲಿ, ಸರಕು ಹೊರಡುವ ಮೊದಲು ಅಥವಾ ಹೊರಡುವ ಹೊತ್ತಿಗೆ ತೆರಿಗೆ ಬಿಲ್ ನೀಡತಕ್ಕದ್ದು ಎಂದು 2017ರ ಜಿ.ಎಸ್.ಟಿ. ಕಾಯ್ದೆ ವಿಧಿಸುತ್ತದೆ. ಆ ಬಿಲ್ ಮೂರು ಪ್ರತಿಗಳಲ್ಲಿರಬೇಕು: ಮೂಲ ಪ್ರತಿ ಕೊಳ್ಳುವವನಿಗೆ, ಎರಡನೆಯದು ಸಾಗಣೆದಾರನಿಗೆ, ಮೂರನೆಯದು ಮಾರುವವನಿಗೆ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು ಅನೇಕ ಗಿರಣಿಗಳಲ್ಲಿ ಇನ್ನೂ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಕಾರ್ಬನ್ ಹಾಳೆಯ ಮೇಲೆ ಒಂದೇ ಹೊಡೆತಕ್ಕೆ ಮೂರೂ ಪ್ರತಿಗಳು ಮೂಡುತ್ತವೆ.

ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಜಾರಿಯಲ್ಲಿದೆ. ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಅದು ಬೇಕು. ಇ-ವೇ ಬಿಲ್ಲಿನ ಮುದ್ರಿತ ಪ್ರತಿಯೇ ಇರಬೇಕೆಂದಿಲ್ಲ, ಅದರ ಸಂಖ್ಯೆ ಚಾಲಕನ ಮೊಬೈಲಿನಲ್ಲಿದ್ದರೂ ಸಾಕು. ಆದರೆ ಬಿಲ್ಲಿನ ವಿಷಯ ಹಾಗಲ್ಲ. ಇ-ಇನ್‌ವಾಯ್ಸ್ ಪದ್ಧತಿಗೆ ಒಳಪಟ್ಟವರು, ಅಂದರೆ 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು, ಕ್ಯೂ.ಆರ್. ಸಂಕೇತವನ್ನು ಮೊಬೈಲಿನಲ್ಲಿ ತೋರಿಸಿದರೆ ಸಾಕೆಂದು 2021ರ ಸೆಪ್ಟೆಂಬರ್‌ನ ಸುತ್ತೋಲೆ ಸ್ಪಷ್ಟಪಡಿಸಿದೆ. ಅದಕ್ಕಿಂತ ಕಡಿಮೆ ವಹಿವಾಟಿನ ಸಣ್ಣ ವರ್ತಕನಿಗೆ ಈ ವಿನಾಯಿತಿ ಇಲ್ಲ. ಅವನ ವಾಹನದಲ್ಲಿ ಕಾಗದದ ಬಿಲ್ ಇರಬೇಕು. ಪ್ರಿಂಟರ್ ಕೆಟ್ಟಾಗ ಹೆಚ್ಚು ತೊಂದರೆಗೆ ಸಿಲುಕುವವನು ದೊಡ್ಡ ವರ್ತಕನಲ್ಲ, ಸಣ್ಣವನು.

ದಾಖಲೆಯಿಲ್ಲದ ಸರಕು ದಾರಿಯಲ್ಲಿ ಸಿಕ್ಕಿಬಿದ್ದರೆ, ಮಾಲೀಕನೇ ಮುಂದೆ ಬಂದು ಬಿಡಿಸಿಕೊಳ್ಳುವಾಗ, ತೆರಿಗೆಯ ಎರಡು ಪಟ್ಟು ದಂಡ ತೆರಬೇಕು. 2 ಲಕ್ಷ ರೂಪಾಯಿಯ ಶೇಂಗಾ ಎಣ್ಣೆಗೆ ಶೇಕಡಾ 5ರಂತೆ ತೆರಿಗೆ 10,000 ರೂಪಾಯಿ. ದಂಡ 20,000 ರೂಪಾಯಿ. "ಇವತ್ತೊಂದು ದಿನ ಹಾಗೇ ಕಳಿಸೋಣ" ಎಂಬ ತೀರ್ಮಾನದ ಬೆಲೆ ಹೊಸ ಪ್ರಿಂಟರಿನ ಬೆಲೆಯನ್ನೂ ಮೀರಬಹುದು.

ಮೊದಲು ಲಕ್ಷಣ ತಿಳಿಯಬೇಕು

"ಪ್ರಿಂಟರ್ ಕೆಲಸ ಮಾಡುತ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ದೋಷಗಳು ಅಡಗಿವೆ. ಒಂದು, ದೀಪ ಹತ್ತಿದೆ, ಆದರೆ ಮುದ್ರಣವಾಗುತ್ತಿಲ್ಲ. ಇದು ಕಾಗದ, ಶಾಯಿ ಅಥವಾ ಕಂಪ್ಯೂಟರಿನ ವಿಷಯ. ಎರಡು, ದೀಪ ಒಂದು ಕ್ಷಣ ಹತ್ತಿ ಆರುತ್ತದೆ. ಇದು ವಿದ್ಯುತ್ತಿನ ದುರ್ಬಲತೆಯನ್ನೋ ಒಳಗಿನ ದೋಷವನ್ನೋ ಸೂಚಿಸುತ್ತದೆ. ಮೂರು, ಯಾವ ಚಿಹ್ನೆಯೂ ಇಲ್ಲ. ಈ ಲೇಖನದ ವಿಷಯ ಮುಖ್ಯವಾಗಿ ಮೂರನೆಯದು.

ಮನೆಬಳಕೆಯ ಅನೇಕ ಪ್ರಿಂಟರುಗಳು ಕೆಲವು ಗಂಟೆಗಳ ಕಾಲ ಕೆಲಸವಿಲ್ಲದಿದ್ದರೆ ತಾವಾಗಿಯೇ ಆರಿಹೋಗುವಂತೆ ರಚಿತವಾಗಿವೆ ಎಂಬುದನ್ನೂ ನೆನಪಿಡಬೇಕು. ಅಂತಹವು ಕೆಟ್ಟಿರುವುದಿಲ್ಲ, ಮಲಗಿರುತ್ತವೆ. ಗುಂಡಿಯನ್ನು ಸುಮ್ಮನೆ ತಟ್ಟಿ ಬಿಡದೆ ಎರಡು ಮೂರು ಸೆಕೆಂಡು ಒತ್ತಿ ಹಿಡಿಯುವುದು ಮೊದಲ ಪರೀಕ್ಷೆ.

ಗೋಡೆಯಿಂದ ಯಂತ್ರದವರೆಗೆ

ಅಡಾವೆ ತಾಳೆಯಾಗದಿದ್ದರೆ ಅನುಭವಿ ಗುಮಾಸ್ತನು ಕೊನೆಯದಾಗಿ ತಾಳೆಯಾದ ಪುಟದಿಂದ ಆರಂಭಿಸಿ ಒಂದೊಂದೇ ನಮೂದನ್ನು ನೋಡುತ್ತಾ ಬರುತ್ತಾನೆ. ಹತ್ತು ಪುಟಗಳನ್ನು ಒಟ್ಟಿಗೆ ತಿದ್ದುವುದಿಲ್ಲ. ಇಲ್ಲಿಯೂ ಅದೇ ನಿಯಮ. ವಿದ್ಯುತ್ತು ಗೋಡೆಯಿಂದ ಯಂತ್ರಕ್ಕೆ ಬರುವ ದಾರಿಯಲ್ಲಿಯೇ ಪರೀಕ್ಷೆ ಸಾಗಬೇಕು ಮತ್ತು ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದಾಗ ಯಂತ್ರ ಚಾಲೂ ಆದರೆ ದೋಷ ಯಾವುದರಲ್ಲಿತ್ತೆಂದು ತಿಳಿಯದೆ ಅದು ಮರುಕಳಿಸುತ್ತದೆ.

1. ಗೋಡೆಯ ಸಾಕೆಟ್: ಅದೇ ಸಾಕೆಟ್ಟಿಗೆ ಟೇಬಲ್ ಫ್ಯಾನ್ ಅಥವಾ ಬಲ್ಬ್ ಹಾಕಿ ನೋಡಬೇಕು. ಟೆಸ್ಟರ್ ಉರಿಯಿತು ಎಂಬುದನ್ನು ನೆಚ್ಚಿಕೊಳ್ಳುವಂತಿಲ್ಲ. ಟೆಸ್ಟರ್ ಫೇಸ್ ಇದೆಯೆಂದು ಮಾತ್ರ ಹೇಳುತ್ತದೆ; ನ್ಯೂಟ್ರಲ್ ತಂತಿ ತುಂಡಾಗಿದ್ದರೂ ಅದು ಉರಿಯುತ್ತದೆ. ಆದರೆ ಆ ಸ್ಥಿತಿಯಲ್ಲಿ ಯಾವ ಯಂತ್ರವೂ ಓಡುವುದಿಲ್ಲ.

2. ನಡುವಿನ ಸಾಧನಗಳು: ಎಕ್ಸ್‌ಟೆನ್ಷನ್ ಬೋರ್ಡ್, ಸ್ಪೈಕ್ ಬಸ್ಟರ್, ಸ್ಟೆಬಿಲೈಸರ್, ಯು.ಪಿ.ಎಸ್. ಎಲ್ಲವನ್ನೂ ಬಿಟ್ಟು ಪ್ರಿಂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಬೇಕು. ಆಗ ಚಾಲೂ ಆದರೆ ಪ್ರಿಂಟರ್ ನಿರ್ದೋಷಿ. ಸ್ಪೈಕ್ ಬಸ್ಟರಿನ ಬದಿಯಲ್ಲಿರುವ ಸಣ್ಣ ಕಪ್ಪು ಗುಂಡಿ ಹೊರಗೆ ಚಿಮ್ಮಿದ್ದರೆ ಅದನ್ನು ಒಳಗೆ ಒತ್ತಿ ನೋಡಬಹುದು.

3. ವಿದ್ಯುತ್ ಕೇಬಲ್: ಯಂತ್ರದ ಹಿಂಬದಿಯಲ್ಲಿ ಕೇಬಲ್ ಸಡಿಲವಾಗುವುದು ಸಾಮಾನ್ಯ, ಕಸ ಗುಡಿಸುವಾಗ ಮೇಜು ಸರಿದರೂ ಸಾಕು. ಅದನ್ನು ಪೂರ್ತಿ ಕಿತ್ತು ಮತ್ತೆ ಒತ್ತಿ ಕೂರಿಸಬೇಕು. ಡಾಟ್ ಮ್ಯಾಟ್ರಿಕ್ಸ್ ಮತ್ತು ಲೇಸರ್ ಪ್ರಿಂಟರುಗಳಲ್ಲಿ ಬಹುಮಟ್ಟಿಗೆ ಕಂಪ್ಯೂಟರಿನ ಮೂರು ಪಿನ್ನಿನ ಕೇಬಲ್ಲೇ ಹೊಂದುತ್ತದೆ. ಸಣ್ಣ ಇಂಕ್‌ಜೆಟ್‌ಗಳಲ್ಲಿ ಎಂಟರ ಅಂಕೆಯ ಆಕಾರದ ಕೇಬಲ್ ಇರುತ್ತದೆ. ಅದೇ ಮಾದರಿಯ ಇನ್ನೊಂದು ಕೇಬಲ್ ಹಾಕಿ ನೋಡುವುದು ಅತಿ ಅಗ್ಗದ ಪರೀಕ್ಷೆ. ಧಾನ್ಯ, ಶೇಂಗಾ ದಾಸ್ತಾನಿರುವ ಕಡೆ ಇಲಿ ಕಡಿದ ಗುರುತುಗಳನ್ನು ಕೇಬಲಿನ ಉದ್ದಕ್ಕೂ ಹುಡುಕಬೇಕು. ಕಡಿದ ಕೇಬಲಿಗೆ ಟೇಪ್ ಸುತ್ತಿ ಬಳಸಬಾರದು, ಬದಲಾಯಿಸಬೇಕು.

4. ಹೊರಗಿನ ಅಡಾಪ್ಟರ್: ಬಿಲ್ಲಿಂಗ್ ಕೌಂಟರಿನ ಥರ್ಮಲ್ ಪ್ರಿಂಟರುಗಳಿಗೆ ಪ್ರತ್ಯೇಕ ಅಡಾಪ್ಟರ್ ಇರುತ್ತದೆ. ಬದಲಿ ಅಡಾಪ್ಟರ್ ಹಾಕುವಾಗ ಪಿನ್ ಹೊಂದಿತೆಂಬುದಷ್ಟೇ ಸಾಲದು. ವೋಲ್ಟ್ ಸಂಖ್ಯೆ ಮತ್ತು ಧನ-ಋಣ ಗುರುತು ಒಂದೇ ಆಗಿರಬೇಕು, ಆಂಪಿಯರ್ ಸಂಖ್ಯೆ ಮೂಲದಷ್ಟು ಅಥವಾ ಹೆಚ್ಚಿರಬೇಕು.

5. ಉಳಿದ ವಿದ್ಯುತ್ತನ್ನು ಬರಿದು ಮಾಡುವುದು: ಪ್ರಿಂಟರಿನ ವಿದ್ಯುತ್ ಕೇಬಲನ್ನೂ ಕಂಪ್ಯೂಟರಿನ ಕೇಬಲನ್ನೂ ಕಿತ್ತು, ಚಾಲೂ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಬೇಕು. ಎರಡು ನಿಮಿಷ ಕಾದು, ವಿದ್ಯುತ್ ಕೇಬಲನ್ನು ಮಾತ್ರ ಗೋಡೆಗೆ ನೇರವಾಗಿ ಜೋಡಿಸಿ ಮತ್ತೆ ಒತ್ತಬೇಕು. ಇದು ಮಂತ್ರವಲ್ಲ. ವೋಲ್ಟೇಜ್ ಏರುಪೇರಾದಾಗ ಯಂತ್ರದೊಳಗಿನ ರಕ್ಷಣಾ ಮಂಡಲವು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುವವರೆಗೆ ಆ ಬೀಗ ಬಿಡದೆ ಇರಬಹುದು. ಬರಿದಾದ ಮೇಲೆ ಯಂತ್ರ ಹೊಸದಾಗಿ ಎಚ್ಚರಗೊಳ್ಳುತ್ತದೆ. ಸತ್ತಂತೆ ಕಂಡ ಯಂತ್ರಗಳು ಹಲವು ಬಾರಿ ಈ ಹಂತದಲ್ಲಿಯೇ ಬದುಕುತ್ತವೆ.

6. ಕಂಪ್ಯೂಟರಿನ ಕೇಬಲ್: ಅದನ್ನು ಕಿತ್ತಾಗ ಚಾಲೂ ಆಗಿ, ಜೋಡಿಸಿದಾಗ ಆರಿದರೆ ದೋಷವು ಆ ಕೇಬಲಿನಲ್ಲಿ ಅಥವಾ ಪೋರ್ಟಿನಲ್ಲಿರುವ ಸಂಭವ ಹೆಚ್ಚು.

ಈ ಆರನ್ನೂ ಮುಗಿಸಿದ ಮೇಲೂ ಯಂತ್ರ ನಿರ್ಜೀವವಾಗಿದ್ದರೆ ಮಾತ್ರ ದೋಷ ಒಳಗಿದೆ ಎನ್ನಬಹುದು.

ನ್ಯೂಟ್ರಲ್, ವೋಲ್ಟೇಜ್ ಮತ್ತು ಅರ್ಥಿಂಗ್

ಯಂತ್ರ ಸತ್ತದ್ದು ಏಕೆ ಎಂದು ತಿಳಿಯದೆ ಹೊಸದನ್ನು ತಂದು ಅದೇ ಸಾಕೆಟ್ಟಿಗೆ ಜೋಡಿಸುವುದು ತೂತು ಮುಚ್ಚದ ಡಬ್ಬಕ್ಕೆ ಮತ್ತೆ ಎಣ್ಣೆ ಸುರಿದಂತೆ. ಗ್ರಾಮಾಂತರ ಭಾಗದಲ್ಲಿ ಮೂರು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು ನ್ಯೂಟ್ರಲ್ ತುಂಡಾಗುವುದು. ಮೂರು ಫೇಸುಗಳ ಸರಬರಾಜಿನಲ್ಲಿ ನ್ಯೂಟ್ರಲ್ ಕಡಿದರೆ, ಬೇರೆ ಬೇರೆ ಫೇಸುಗಳಲ್ಲಿರುವ ಅಂಗಡಿಗಳು ಸಾಲಾಗಿ ಜೋಡಿಸಿದಂತಾಗಿ, 230 ವೋಲ್ಟ್ ಬರಬೇಕಾದಲ್ಲಿ 400ರ ಸಮೀಪದವರೆಗೂ ಏರಬಹುದು. ಕಡಿಮೆ ವಿದ್ಯುತ್ ಬಳಸುತ್ತಿರುವ ಅಂಗಡಿಗೇ ಹೆಚ್ಚು ವೋಲ್ಟೇಜ್ ಹೋಗುತ್ತದೆ. ಒಂದು ಕಡೆ ಬಲ್ಬುಗಳು ವಿಪರೀತ ಉರಿದು ಇನ್ನೊಂದು ಕಡೆ ಮಂಕಾಗುವುದು ಇದರ ಗುರುತು. ಆಗ ಮಾಡಬೇಕಾದದ್ದು ಒಂದೇ: ಮೇನ್ ಸ್ವಿಚ್ ಆರಿಸಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸುವುದು.

ಎರಡನೆಯದು ಕಡಿಮೆ ವೋಲ್ಟೇಜ್. ಪ್ರಿಂಟರಿನ ಹಿಂಭಾಗದ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ಇಳಿಕೆಯನ್ನು ಅದು ತಾಳಿಕೊಳ್ಳುತ್ತದೆ. 220ರಿಂದ 240 ಎಂದಷ್ಟೇ ಇದ್ದರೆ, ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ಯಂತ್ರ ಏಳದೆ, ರಾತ್ರಿ ತಾನಾಗಿ ಸರಿಹೋಗಬಹುದು. ಹೊತ್ತಿಗೊಂದು ರೀತಿ ವರ್ತಿಸುವ ಪ್ರಿಂಟರನ್ನು ದುರಸ್ತಿಗೆ ಕಳಿಸುವ ಮೊದಲು ಮಲ್ಟಿಮೀಟರಿನಿಂದ ವೋಲ್ಟೇಜ್ ಅಳೆಸಬೇಕು. ಖರೀದಿಸುವಾಗಲೇ ಈ ಚೀಟಿಯನ್ನು ಓದುವ ಅಭ್ಯಾಸ ಒಳ್ಳೆಯದು.

ಮೂರನೆಯದು ಅರ್ಥಿಂಗ್. ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಮಳೆ ಕಡಿಮೆಯ ಒಣ ಪ್ರದೇಶ. ಅರ್ಥ್ ಗುಂಡಿಯ ಮಣ್ಣು ಒಣಗಿದಷ್ಟೂ ಅದರ ಪ್ರತಿರೋಧ ಹೆಚ್ಚುತ್ತದೆ, ರಕ್ಷಣೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರುಣಿಸುವುದು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಪ್ರಿಂಟರಿಗಷ್ಟೇ ಅಲ್ಲ, ಜನರ ಜೀವಕ್ಕೂ ರಕ್ಷೆ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದರೆ ಇದೆಲ್ಲವೂ ವ್ಯರ್ಥ.

ಯು.ಪಿ.ಎಸ್.ಗೆ ಲೇಸರ್ ಪ್ರಿಂಟರ್ ಸಲ್ಲದು

ಲೇಸರ್ ಪ್ರಿಂಟರ್ ಪುಡಿಶಾಯಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುತ್ತದೆ. ಅದಕ್ಕಾಗಿ ಒಳಗಿನ ಉರುಳೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಆ ಕ್ಷಣದಲ್ಲಿ ಯಂತ್ರ ನೂರಾರು ವಾಟ್ ಎಳೆಯುತ್ತದೆ. ಸಾಮಾನ್ಯ 600 ವಿ.ಎ. ಯು.ಪಿ.ಎಸ್. ಕೊಡಬಲ್ಲದ್ದು ಸುಮಾರು 360 ವಾಟ್ ಮಾತ್ರ. ಹೀಗಾಗಿ ಯು.ಪಿ.ಎಸ್. ಕೈಚೆಲ್ಲುತ್ತದೆ, ಪ್ರಿಂಟರಿನೊಡನೆ ಕಂಪ್ಯೂಟರೂ ಆರಿ, ಉಳಿಸದ ಲೆಕ್ಕವೂ ಹೋಗುತ್ತದೆ. ಲೇಸರ್ ಪ್ರಿಂಟರ್ ಗೋಡೆಗೆ, ಕಂಪ್ಯೂಟರ್ ಯು.ಪಿ.ಎಸ್.ಗೆ ಎಂಬುದು ನಿಯಮವಾಗಬೇಕು. ಕಡಿಮೆ ವಿದ್ಯುತ್ ಬಳಸುವ ಇಂಕ್‌ಜೆಟ್ ಹಾಗೂ ಡಾಟ್ ಮ್ಯಾಟ್ರಿಕ್ಸ್‌ಗಳಿಗೆ ಈ ತೊಡಕಿಲ್ಲ. ಆದರೆ ಇಂಕ್‌ಜೆಟ್ಟನ್ನು ಗೋಡೆಯ ಸ್ವಿಚ್ಚಿನಿಂದ ಆರಿಸದೆ ಅದರದೇ ಗುಂಡಿಯಿಂದ ಆರಿಸಬೇಕು. ಇಲ್ಲವಾದರೆ ಮುದ್ರಣದ ತಲೆ ತನ್ನ ಮುಚ್ಚಳದಡಿ ಸೇರದೆ ಶಾಯಿ ಒಣಗುತ್ತದೆ.

ಎಲ್ಲಿ ನಿಲ್ಲಬೇಕು

ಯಂತ್ರದ ಕವಚ ಬಿಚ್ಚುವುದು ವರ್ತಕನ ಕೆಲಸವಲ್ಲ. 230 ವೋಲ್ಟ್ ವಿದ್ಯುತ್ತು ಒಳಗಿನ ಪವರ್ ಸಪ್ಲೈ ಫಲಕದಲ್ಲಿ ಸುಮಾರು 325 ವೋಲ್ಟ್ ನೇರ ವಿದ್ಯುತ್ತಾಗಿ ಕೆಪಾಸಿಟರಿನಲ್ಲಿ ಸಂಗ್ರಹವಾಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಲಕಾಲ ಉಳಿಯುವುದುಂಟು. ಸುಟ್ಟ ವಾಸನೆ, ಚಟಪಟ ಸದ್ದು ಅಥವಾ ಹೊಗೆ ಕಂಡರೆ ಮೇಲಿನ ಪರೀಕ್ಷೆಗಳನ್ನೂ ಮಾಡದೆ ಪ್ಲಗ್ ಕಿತ್ತು ನಿಲ್ಲಿಸಬೇಕು. ಒಳಗಿನ ಫ್ಯೂಸ್ ಹೋಗಿದ್ದರೆ ತಂತಿ ಸುತ್ತಿ ಕೆಲಸ ಸಾಗಿಸುವುದು ಅಪಾಯಕರ. ಫ್ಯೂಸ್ ಹೋದದ್ದಕ್ಕೆ ಅದರ ಹಿಂದೆ ಇನ್ನೊಂದು ಕಾರಣವಿರುತ್ತದೆ. ವಾರಂಟಿ ಅವಧಿಯಲ್ಲಿ ಕವಚ ಬಿಚ್ಚಿದರೆ ವಾರಂಟಿಯೂ ಕೈತಪ್ಪಬಹುದು.

ದುರಸ್ತಿಗೆ ಕೊಂಡೊಯ್ಯುವಾಗ ಮಾಡಿದ ಪರೀಕ್ಷೆಗಳನ್ನು ಚೀಟಿಯಲ್ಲಿ ಬರೆದು ಕೊಡುವುದು ಉತ್ತಮ. "ಬೇರೆ ಕೇಬಲ್ ಹಾಕಿ ನೋಡಿದೆ, ಸಾಕೆಟ್ ಸರಿಯಿದೆ, ಹಿಂದಿನ ಸಂಜೆ ವೋಲ್ಟೇಜ್ ಏರಿತ್ತು" ಎಂಬ ಮೂರು ಸಾಲು ದುರಸ್ತಿಗಾರನ ಸಮಯವನ್ನೂ ಗಿರಾಕಿಯ ಹಣವನ್ನೂ ಉಳಿಸುತ್ತದೆ.

ದುರಸ್ತಿಯೋ, ಹೊಸದೋ?

ಇಲ್ಲಿ ವರ್ತಕರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ "ಹನ್ನೆರಡು ಸಾವಿರ ಕೊಟ್ಟು ತಂದದ್ದು, ಬಿಡುವುದು ಹೇಗೆ?" ಎಂದು ಯೋಚಿಸುವುದು. ಕೊಟ್ಟ ಹಣ ಕೊಟ್ಟಾಯಿತು. ದುರಸ್ತಿ ಮಾಡಿಸಿದರೂ ಬಿಟ್ಟರೂ ಅದು ಮರಳದು. ಮುಂದೆ ಆಗುವ ವೆಚ್ಚವನ್ನಷ್ಟೇ ಹೋಲಿಸಬೇಕು. ಉದಾಹರಣೆಗೆ, ದುರಸ್ತಿಗೆ 3,000 ರೂಪಾಯಿ ತಗಲಿ ಯಂತ್ರ ಇನ್ನು ಎರಡು ವರ್ಷ ನಡೆಯುವಂತಿದ್ದರೆ ವರ್ಷಕ್ಕೆ ಬೀಳುವುದು 1,500. ಹೊಸದಕ್ಕೆ 15,000 ಕೊಟ್ಟು ಐದು ವರ್ಷ ಬಳಸಿದರೆ ವರ್ಷಕ್ಕೆ 3,000. ಆಗ ದುರಸ್ತಿಯೇ ಲಾಭ. ದುರಸ್ತಿಯಾದದ್ದು ಒಂದೇ ವರ್ಷ ಬಾಳುವುದಾದರೆ ಎರಡೂ ಸಮ. ಆಗ ಪುಟವೊಂದಕ್ಕೆ ತಗಲುವ ಶಾಯಿಯ ವೆಚ್ಚ, ಕೈಯಲ್ಲಿ ಉಳಿದಿರುವ ಕಾರ್ಟ್ರಿಡ್ಜ್ ಮತ್ತು ಮತ್ತೆ ಕೆಟ್ಟರೆ ನಿಲ್ಲುವ ವ್ಯಾಪಾರವನ್ನು ತೂಗಿ ನಿರ್ಧರಿಸಬೇಕು.

ಲೆಕ್ಕಪತ್ರದಲ್ಲಿ ದುರಸ್ತಿಯ ಹಣವನ್ನು ಆಯಾ ವರ್ಷದ ಖರ್ಚಾಗಿ ತೋರಿಸಬಹುದು. ಹೊಸ ಯಂತ್ರ ಬಂಡವಾಳ ವೆಚ್ಚ. ಅದರ ಮೇಲೆ ಸವಕಳಿ ಪಡೆಯಬೇಕು. ಪ್ರಿಂಟರ್ ಕಂಪ್ಯೂಟರಿನ ಅವಿಭಾಜ್ಯ ಅಂಗವೆಂದೂ ಕಂಪ್ಯೂಟರಿನ ದರದ ಸವಕಳಿ ಅದಕ್ಕೂ ಸಲ್ಲುವುದೆಂದೂ ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು. ಅಂದು ಶೇಕಡಾ 60 ಇದ್ದ ದರವನ್ನು 2017–18ನೇ ಆರ್ಥಿಕ ವರ್ಷದಿಂದ 40ಕ್ಕೆ ಇಳಿಸಲಾಯಿತು. 12,000 ರೂಪಾಯಿಯ ಯಂತ್ರ ಪುಸ್ತಕದಲ್ಲಿ ಮೊದಲ ವರ್ಷಾಂತ್ಯಕ್ಕೆ 7,200, ಎರಡನೆಯದಕ್ಕೆ 4,320, ಮೂರನೆಯದಕ್ಕೆ 2,592 ಆಗುತ್ತದೆ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಈ ಖರ್ಚು, ಸವಕಳಿಗಳು ಪ್ರತ್ಯೇಕವಾಗಿ ದೊರೆಯುವುದಿಲ್ಲ. ಬಿಲ್ಲಿನಲ್ಲಿರುವ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ಪಡೆದರೆ ಆ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಬಾರದು. ಆದುದರಿಂದ ಬಿಲ್ಲನ್ನು ಮನೆಯವರ ಹೆಸರಿನಲ್ಲಲ್ಲದೆ ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆಯಲ್ಲಿಯೇ ಪಡೆಯಬೇಕು.

ಯಂತ್ರ ಸತ್ತರೂ ವ್ಯಾಪಾರ ನಿಲ್ಲದಿರಲು

ಪರೀಕ್ಷೆಯೆಲ್ಲ ಮುಗಿದರೂ ಅಂಗಳದ ವಾಹನ ಕಾಯುತ್ತಲೇ ಇರುತ್ತದೆ. ಅದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು, ಸಿದ್ಧವಾದ ಬಿಲ್ಲನ್ನು ಪಿ.ಡಿ.ಎಫ್. ಮಾಡಿ ನೆರೆಯ ಅಂಗಡಿಯಲ್ಲೋ ಝೆರಾಕ್ಸ್ ಕೇಂದ್ರದಲ್ಲೋ ಮೂರು ಪ್ರತಿ ತೆಗೆಸುವುದು. ಬಿಲ್ ಸಂಖ್ಯೆ ಬದಲಾಗದ ಕಾರಣ ಇದೇ ಉತ್ತಮ.

ಎರಡನೆಯದು ಕೈಬರಹದ ಬಿಲ್. ಕಂಪ್ಯೂಟರ್ ಬಿಲ್ಲೇ ಆಗಬೇಕೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಮಾರುವವರ ಮತ್ತು ಕೊಳ್ಳುವವರ ವಿವರ, ಜಿ.ಎಸ್.ಟಿ. ಸಂಖ್ಯೆ, ದಿನಾಂಕ, ಸರಕಿನ ವಿವರ, ಅನ್ವಯಿಸುವ ಎಚ್.ಎಸ್.ಎನ್. ಸಂಕೇತ, ಪ್ರಮಾಣ, ಮೌಲ್ಯ, ತೆರಿಗೆ ದರ ಮತ್ತು ಮೊತ್ತ, ಸಹಿ ಇವುಗಳಿದ್ದರೆ ಕೈಬರಹದ ಬಿಲ್ಲೂ ಸಿಂಧು. ಬಿಲ್ ಸಂಖ್ಯೆಗಳು ಒಂದಕ್ಕಿಂತ ಹೆಚ್ಚು ಸರಣಿಗಳಲ್ಲಿರಲು ಅವಕಾಶವಿದೆ. ಸಂಖ್ಯೆ 16 ಅಕ್ಷರಗಳನ್ನು ಮೀರಬಾರದು. ಆರ್ಥಿಕ ವರ್ಷದಲ್ಲಿ ಒಮ್ಮೆ ಬಳಸಿದ್ದು ಮತ್ತೆ ಬರಬಾರದು. ಆದುದರಿಂದ ಪ್ರತ್ಯೇಕ ಸರಣಿಯ ಮುದ್ರಿತ ಬಿಲ್ ಪುಸ್ತಕವೊಂದನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸದಾ ಇಟ್ಟಿರಬೇಕು. ಇ-ಇನ್‌ವಾಯ್ಸ್‌ಗೆ ಒಳಪಟ್ಟವರು ನೋಂದಾಯಿತ ಗ್ರಾಹಕರಿಗೆ ಈ ಮಾರ್ಗ ಬಳಸುವಂತಿಲ್ಲ.

ಇಲ್ಲೊಂದು ಎಚ್ಚರಿಕೆ. ಕೈಬರಹದ ಬಿಲ್ಲನ್ನು ಸಂಜೆ ಕಂಪ್ಯೂಟರಿಗೆ ಏರಿಸುವಾಗ ತಂತ್ರಾಂಶವು ತಾನಾಗಿ ಇನ್ನೊಂದು ಸಂಖ್ಯೆ ಕೊಟ್ಟರೆ ಒಂದೇ ಮಾರಾಟಕ್ಕೆ ಎರಡು ಬಿಲ್ಲಾಗುತ್ತದೆ. ಮೂಲ ಸಂಖ್ಯೆಯನ್ನೇ ನಮೂದಿಸಬೇಕು. ಮುದ್ರಣವಾಗದೆ ಉಳಿದ ಕಂಪ್ಯೂಟರ್ ಬಿಲ್ ಇದ್ದರೆ ಅದನ್ನು ರದ್ದೆಂದು ಗುರುತಿಸಬೇಕು. ಜಿ.ಎಸ್.ಟಿ.ಆರ್.-1ರಲ್ಲಿ ನೀಡಿದ ದಾಖಲೆಗಳ ಪಟ್ಟಿಗೆ ಈ ಸರಣಿಯನ್ನೂ ರದ್ದಾದ ಸಂಖ್ಯೆಯನ್ನೂ ಸೇರಿಸಬೇಕು. ಪ್ರಿಂಟರ್ ಕೆಟ್ಟದ್ದು ಒಂದು ದಿನದ ತೊಂದರೆ; ಸಂಖ್ಯೆ ಕೆಟ್ಟರೆ ವರ್ಷಗಳ ನಂತರ ಪರಿಶೀಲನೆಯ ವೇಳೆ ಉತ್ತರ ಹುಡುಕಬೇಕಾಗುತ್ತದೆ.

ಒಂದು ಬದಲಿ ಕೇಬಲ್, ಒಂದು ಮಲ್ಟಿಮೀಟರ್, ಒಂದು ಕೈಬರಹದ ಬಿಲ್ ಪುಸ್ತಕ: ಈ ಮೂರು ಅಂಗಡಿಯಲ್ಲಿದ್ದರೆ ಪ್ರಿಂಟರ್ ಮೌನವಾದ ದಿನವೂ ವಾಹನ ಹೊತ್ತಿಗೆ ಹೊರಡುತ್ತದೆ. ಸದಸ್ಯರು ಇವುಗಳನ್ನು ಮುಂದಿನ ಸುಗ್ಗಿಯ ಒತ್ತಡ ಆರಂಭವಾಗುವ ಮೊದಲೇ ಹೊಂದಿಸಿಕೊಳ್ಳುವುದು ಲೇಸು.